ಬಿಳಿ ಬಟ್ಟೆಯ ದಿನಗಳ ಮಾತ್ರೆ

ಆಸ್ಪತ್ರೆ, ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ
ಹದಿನೇಳನೇ ತಾರೀಖು, ಬುಧವಾರ, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯಾ? ಇಷ್ಟು ಬರೆದು ಅರ್ಧ ಗಂಟೆ ಪೆನ್ನು ಕಚ್ಚಿಕೊಂಡು ಕೂತಿದ್ದೆ. ಮೂರು ವರ್ಷ ಮಾತಿಲ್ಲ ಕತೆಯಿಲ್ಲ, ಈಗ ಏಕಾಏಕಿ ಅಕ್ಕ ಹೇಗಿದ್ದೀಯಾ ಎಂದು ಕೇಳಿದರೆ ನೀನು ಕಾಗದವನ್ನು ಹರಿದು ಬಿಸಾಡಿದರೂ ಆಶ್ಚರ್ಯವಿಲ್ಲ. ಹರಿಯುವ ಮೊದಲು ಓದಿ ಹರಿ, ಅಷ್ಟೇ ಕೇಳಿಕೊಳ್ಳುವುದು. ನಿನ್ನ ವಿಳಾಸ ಕೊಟ್ಟಿದ್ದು ಬಟನ್ ತಾತ. ಎರಡು ಚೀಲ ಗುಂಡಿ ಹೊತ್ತು ಊರೂರು ತಿರುಗುತ್ತಾ ನಮ್ಮ ಹೊಲಿಗೆ ಅಂಗಡಿಗೆ ಬರುತ್ತಿದ್ದನಲ್ಲ, ಅವನೇ. ನೀನು ಯಾವುದೋ ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಮೆಷಿನ್ ಮುಂದೆ ನಿಂತಿದ್ದೆಯಂತೆ. ಮೊಣಕೈವರೆಗೂ ಕೈ ಕೆಂಪಾಗಿ ಬಿರಿದಿತ್ತು ಎಂದ. ಒಗೆಯುವ ಸೋಡಾದ ನೀರಿಗೆ ಬರಿಗೈ ಹಾಕಬೇಡವೇ, ಗ್ಲೌಸು ಕೊಡದಿದ್ದರೆ ಜಗಳ ಮಾಡಿ ಇಸಕೋ, ಜಗಳ ನಿನಗೆ ಹೊಸದೇನಲ್ಲ. ಕೆಲಸ ಮುಗಿದ ಮೇಲೆ ಒಂದಿಷ್ಟು ಎಣ್ಣೆ ಸವರಿಕೋ. ಬೆಳಿಗ್ಗೆ ಏನೂ ತಿನ್ನದೆ ಬರೀ ಟೀ ಕುಡಿದು ಓಡುವ ಅಭ್ಯಾಸ ಬಿಟ್ಟೆಯಾ? ನಡು ನೋವು ಹೇಗಿದೆ? ನಿನಗೆ ಬುದ್ಧಿ ಹೇಳಲು ನನಗೀಗ ಬಾಯಿಲ್ಲ, ಆದರೂ ಅಕ್ಕನಾಗಿ ಹುಟ್ಟಿದ ಮೇಲೆ ಈ ಚಾಳಿ ಸುಲಭಕ್ಕೆ ಬಿಡುವುದಿಲ್ಲ.

ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯಬೇಕಾದ ಜಾಗ ಇದು. ಈ ಸಲ ಆ ಸಾಲಿಗೆ ಕೈ ಬರುತ್ತಿಲ್ಲ. ನಾನು ಆಸ್ಪತ್ರೆ ಸೇರಿ ಇವತ್ತಿಗೆ ಒಂಬತ್ತು ದಿನ. ಎಡಗೈಗೆ ಸೂಜಿ ಚುಚ್ಚಿ ಕೊಳವೆ ಹಾಕಿದ್ದಾರೆ, ಬಲಗೈ ಖಾಲಿ ಇರುವುದರಿಂದ ಬರೆಯುತ್ತಿದ್ದೇನೆ. ಎರಡು ದಿಂಬು ಒರಗಿಸಿಕೊಂಡು ಕೂತರೆ ಮಾತ್ರ ಉಸಿರಾಟ ಸರಾಗ, ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗೆ. ಕಿಟಕಿಯಿಂದ ನೋಡಿದರೆ ವಾಹನ ನಿಲ್ಲಿಸುವ ಜಾಗ, ಅದರಾಚೆ ಆಸ್ಪತ್ರೆಯ ಬಟ್ಟೆ ಒಣಗಿಸುವ ತಂತಿ. ಅಲ್ಲಿ ನೇತಾಡುವ ಬಿಳಿ ಕೋಟುಗಳ ಕಡೆಗೇ ಕಣ್ಣು ಹೋಗುತ್ತದೆ. ಅವು ನಾನು ಹೊಲಿದವು ಗುಬ್ಬಿ. ಕಳೆದ ಎರಡು ತಿಂಗಳು ನಮ್ಮ ಅಂಗಡಿಯಲ್ಲಿ ಇದೇ ಆಸ್ಪತ್ರೆಯ ಆರ್ಡರ್, ಮುನ್ನೂರು ಕೋಟು. ಗುಂಡಿ ತೂರಿಸುವ ಕಾಜಾವನ್ನು ಮೆಷಿನ್ನಿನಲ್ಲಿ ಹಾಕಿದರೆ ನಾಲ್ಕು ಒಗೆತಕ್ಕೆ ನೂಲು ಬಿಡುತ್ತದೆ ಎಂದು ನಮ್ಮ ಕಟಿಂಗ್ ಮಾಸ್ಟರ್ ಕೈ ಕಾಜಾನೇ ಬೇಕೆಂದು ಹಟ ಹಿಡಿಯುತ್ತಾರಲ್ಲ, ಅದಿನ್ನೂ ಬದಲಾಗಿಲ್ಲ. ಮುನ್ನೂರರಲ್ಲಿ ಅರ್ಧಕ್ಕರ್ಧ ಕಾಜಾ ನನ್ನ ಕೈಯದ್ದೇ. ದಿನಾ ಬೆಳಿಗ್ಗೆ ನೋಡಲು ಬರುವ ಡಾಕ್ಟರಮ್ಮ, ಪಾಪ ಇನ್ನೂ ಚಿಕ್ಕ ವಯಸ್ಸು, ಬಾಗಿ ನನ್ನ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುವಾಗ ಅವಳ ಕೋಟಿನ ಎರಡನೇ ಗುಂಡಿ ನನ್ನ ಮೂಗಿನ ಮುಂದೆಯೇ ಇರುತ್ತದೆ. ನನ್ನ ಕಾಜಾ ನನಗೆ ಗುರುತು ಸಿಗದೆ ಇರುತ್ತದೆಯೇ? ಅವಳು ಉಸಿರು ಎಳೆದುಕೊಳ್ಳಿ ಎನ್ನುತ್ತಾಳೆ, ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ.

ನನ್ನ ಹೃದಯದೊಳಗಿನ ಲೋಹದ ಕವಾಟಕ್ಕೆ ಈ ಬೇಸಿಗೆಗೆ ಹನ್ನೊಂದು ವರ್ಷ ತುಂಬಿತು. ಅದನ್ನು ಹಾಕಿಸಿದಾಗಿನ ಮೂರು ತಿಂಗಳು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎದೆಯ ಹೊಲಿಗೆ ಒಣಗುವವರೆಗೂ ನನ್ನ ತಲೆ ಬಾಚಿದ್ದು ನೀನು, ಸ್ನಾನ ಮಾಡಿಸಿದ್ದು ನೀನು. ಕೆಮ್ಮು ಬಂದಾಗಲೆಲ್ಲ ದಿಂಬನ್ನು ಎದೆಗೆ ಒತ್ತಿ ಹಿಡಿದು, ಕೆಮ್ಮಕ್ಕ, ನಿನ್ನ ಹೊಲಿಗೆ ಬಿಚ್ಚದ ಹಾಗೆ ನಾನು ಹಿಡ್ಕೊಂಡಿದೀನಿ ಎಂದು ನಗಿಸುತ್ತಿದ್ದೆ. ನಗಿಸಬೇಡ ನೋವಾಗುತ್ತೆ ಎಂದು ನಾನು ಬೈಯುತ್ತಿದ್ದೆ. ಆ ಕವಾಟ ಟಿಕ್ ಟಿಕ್ ಎನ್ನುವುದನ್ನು ಕೇಳಿ ಅಂಗಡಿಗೆ ಅಳತೆ ಕೊಡಲು ಬಂದವರು ಗೋಡೆ ಕಡೆ ಗಡಿಯಾರ ಹುಡುಕುತ್ತಿದ್ದರು, ನಾವಿಬ್ಬರೂ ಬಟ್ಟೆ ಬಾಯಿಗೆ ತುರುಕಿಕೊಂಡು ನಗುತ್ತಿದ್ದೆವು. ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು, ಅದಕ್ಕೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ಜೀವ ಇರುವವರೆಗೂ ತೆಗೆದುಕೊಳ್ಳಬೇಕು, ಒಂದು ದಿನವೂ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದನ್ನು ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದವಳೂ ನೀನೇ. ಆ ಚೀಟಿ ಇನ್ನೂ ಅಲ್ಲೇ ಇದೆ, ಹಳದಿಯಾಗಿದೆ.

ನೀನು ಹೋದ ಮೇಲೆ ಮಾತ್ರೆಯ ಜವಾಬ್ದಾರಿ ನಿನ್ನ ಭಾವ ವಹಿಸಿಕೊಂಡರು. ಅವರ ಸ್ವಭಾವ ಗೊತ್ತಲ್ಲ. ಮೂವತ್ತು ವರ್ಷ ಮನೆಮನೆಯ ನೀರಿನ ಮೀಟರ್ ಓದಿ ಬರೆದುಕೊಂಡವರು, ಯಾವುದನ್ನೂ ಅಂದಾಜಿಗೆ ಬಿಡುವವರಲ್ಲ. ಸಂಜೆ ಆರಕ್ಕೆ ಸರಿಯಾಗಿ ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ನೀರು. ಶನಿವಾರಕ್ಕೆ ಒಂದೂವರೆ ಎಂದರೆ ಬ್ಲೇಡಿನಲ್ಲಿ ಗೆರೆ ಹಾಕಿದ ಹಾಗೆ ಅರ್ಧ ಮಾಡುತ್ತಾರೆ. ನಾನು ನುಂಗಿದೆ ಎಂದ ಕೂಡಲೇ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಒಂದು ಗೀಟು. ನನ್ನ ಬಾಯಿ ತೆರೆಸಿ ನೋಡುವಷ್ಟು ಅನುಮಾನ ಮಾತ್ರ ಅವರಿಗೆ ಯಾವತ್ತೂ ಬಂದದ್ದಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಶುರುವಾಗಿದ್ದು ಸುಮಾರು ಒಂದೂವರೆ ತಿಂಗಳ ಹಿಂದೆ. ಒಂದು ಮಧ್ಯಾಹ್ನ ಕಾಜಾ ಹಾಕುತ್ತಾ ಕೂತಿದ್ದಾಗ ಬಲಗೈಯಿಂದ ಸೂಜಿ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳುಗಳು ನನ್ನವಲ್ಲ ಎನ್ನುವ ಹಾಗೆ. ಪಕ್ಕದವಳನ್ನು ಕರೆಯಲು ಬಾಯಿ ತೆರೆದರೆ ನಾಲಿಗೆ ಹೊರಳಲಿಲ್ಲ. ಹತ್ತು ನಿಮಿಷ, ಹೆಚ್ಚೆಂದರೆ ಕಾಲು ಗಂಟೆ, ಆಮೇಲೆ ಎಲ್ಲ ಮೊದಲಿನ ಹಾಗೇ ಆಯಿತು. ತಲೆ ಸುತ್ತು ಎಂದು ಹೇಳಿ ನೀರು ಕುಡಿದು ಮತ್ತೆ ಕೂತೆ. ಮನೆಯಲ್ಲಿ ಬಾಯಿ ಬಿಡಲಿಲ್ಲ. ಆಮೇಲೆ ಅಂಗಡಿಯ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲಬೇಕಾಯಿತು, ಮೊದಲು ಒಂದು ಸಲ, ಆಮೇಲೆ ಎರಡು ಸಲ. ಸಂಜೆಗೆ ಪಾದ ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತುತ್ತಿತ್ತು. ಒಂದು ದಿನ ನಿನ್ನ ಭಾವ ಊಟದ ನಡುವೆ ಕೈ ನಿಲ್ಲಿಸಿ, ಏನೇ ಇದು, ನಿನ್ನ ಸದ್ದೇ ಕೇಳ್ತಾ ಇಲ್ವಲ್ಲ ಎಂದರು. ಕಿವಿಗೊಟ್ಟು ಕೇಳಿದೆ. ಟಿಕ್ ಎನ್ನುತ್ತಿದ್ದದ್ದು ಬಟ್ಟೆಯೊಳಗೆ ಸುತ್ತಿಟ್ಟ ಹಾಗೆ ಮಂದವಾಗಿತ್ತು. ನಿಮಗೆ ವಯಸ್ಸಾಯ್ತು, ಕಿವಿ ಮಂದ ಆಗಿದೆ ಎಂದು ತಮಾಷೆ ಮಾಡಿ ಮಾತು ಮರೆಸಿದೆ. ಅವರು ಎರಡು ಕಿವಿಗೂ ಬೆರಳು ಹಾಕಿ ಅಲ್ಲಾಡಿಸಿಕೊಂಡರು, ನಂಬಿದರು. ಅದಾದ ನಾಲ್ಕನೇ ದಿನ ಮೆಟ್ಟಿಲ ಮೇಲೆಯೇ ಕಣ್ಣು ಕತ್ತಲೆಯಾಗಿ ಕುಸಿದೆ. ಎಚ್ಚರವಾದಾಗ ಮಾಸ್ಟರ್ ಅಳತೆ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಆಂಬುಲೆನ್ಸಿನಲ್ಲಿ ನನ್ನ ಪಕ್ಕ ಕೂತಿದ್ದರು. ಜೀವಮಾನದಲ್ಲಿ ಮೊದಲ ಸಲ ಆ ಮನುಷ್ಯ ನನ್ನನ್ನು ಕೆಲಸ ಕೇಳಲಿಲ್ಲ.

ಸ್ಕ್ಯಾನಿನಲ್ಲಿ ಕಂಡಿದ್ದನ್ನು ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದಳು. ಕವಾಟದಲ್ಲಿ ಎರಡು ರೆಕ್ಕೆ ಇರುತ್ತವಂತೆ, ಒಂದು ತೆರೆಯುತ್ತಿಲ್ಲ, ಅದರ ಬುಡದಲ್ಲಿ ಏನೋ ಅಂಟಿಕೊಂಡಿದೆ. ಆ ಏನೋ ಎನ್ನುವುದು ಏನು ಎಂಬುದರ ಮೇಲೆ ಎಲ್ಲ ನಿಂತಿದೆ ಗುಬ್ಬಿ, ಇದೊಂದು ಮಾತನ್ನು ನಿಧಾನವಾಗಿ ಓದು. ಮಾತ್ರೆ ತಪ್ಪಿ ಈಚೆಗೆ ಹೆಪ್ಪುಗಟ್ಟಿದ ರಕ್ತವಾದರೆ ಮೆತ್ತಗಿರುತ್ತದಂತೆ, ಕೈಯ ನರದಲ್ಲಿ ಔಷಧಿ ಇಳಿಸಿ ಕರಗಿಸಿ ನೋಡಬಹುದಂತೆ. ಮಾತ್ರೆ ಸರಿಯಾಗಿ ತೆಗೆದುಕೊಂಡೂ ಹೀಗಾಗಿದೆ ಎಂದರೆ ಅದು ವರ್ಷಗಟ್ಟಲೆ ಬೆಳೆದ ಗಟ್ಟಿ ಮಾಂಸ, ಯಾವ ಔಷಧಿಗೂ ಕರಗುವುದಿಲ್ಲ, ಎದೆಯನ್ನು ಮತ್ತೆ ಸೀಳಿ ಕವಾಟವನ್ನೇ ಬದಲಾಯಿಸಬೇಕು. ಸ್ಕ್ಯಾನಿನಲ್ಲಿ ಎರಡೂ ಒಂದೇ ನೆರಳಿನ ಹಾಗೆ ಕಾಣುತ್ತಿದೆ ಎಂದಳು. ಅದಕ್ಕೇ ದಿನಕ್ಕೊಂದು ಸಲ ಕೇಳುತ್ತಾಳೆ, ಅಮ್ಮಾ, ಮಾತ್ರೆ ಒಂದು ದಿನಾನೂ ತಪ್ಪಿಲ್ವಾ, ಜ್ಞಾಪಿಸಿಕೊಂಡು ಹೇಳಿ. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಭಾವ ಚೀಲದಿಂದ ಕ್ಯಾಲೆಂಡರ್ ತೆಗೆಯುತ್ತಾರೆ. ಮನೆಯ ಗೋಡೆಯಿಂದ ಅದನ್ನು ಕಿತ್ತು ತಂದಿದ್ದಾರೆ, ಮೊಳೆ ಸಮೇತ. ನೋಡಿ ಡಾಕ್ಟರೇ, ಒಂದು ಗೀಟೂ ತಪ್ಪಿಲ್ಲ, ನನ್ನ ಕೈಯಾರೆ ಕೊಟ್ಟಿದೀನಿ ಎನ್ನುತ್ತಾರೆ. ಅವಳು ಪುಟ ತಿರುವಿ ನೋಡಿ ತಲೆಯಾಡಿಸುತ್ತಾಳೆ. ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟವರನ್ನು ಅವಳು ಕಂಡೇ ಇಲ್ಲವಂತೆ. ಹಾಗಾಗಿ ಗಟ್ಟಿ ಮಾಂಸ ಎಂದೇ ತೀರ್ಮಾನವಾಗಿದೆ, ನಾಡಿದ್ದು ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಆಪರೇಶನ್. ಎರಡನೇ ಸಲ ಅದೇ ಎದೆ ತೆರೆಯುವುದು ಮೊದಲಿನ ಹಾಗಲ್ಲ, ಹತ್ತು ಜನರಲ್ಲಿ ಒಬ್ಬಿಬ್ಬರು ಉಳಿಯುವುದಿಲ್ಲ ಎಂದು ದೊಡ್ಡ ಡಾಕ್ಟರು ನಮ್ಮಿಬ್ಬರಿಗೂ ಮುಚ್ಚುಮರೆಯಿಲ್ಲದೆ ಹೇಳಿದರು. ನಿನ್ನ ಭಾವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕೊಟ್ಟರು.

ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿದೆ. ಸೇರಿದ ದಿನ ರಕ್ತ ಪರೀಕ್ಷೆ ಮಾಡಿದಾಗ, ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ, ಎರಡೂವರೆಗಿಂತ ಮೇಲಿರಬೇಕಾದ ಅಂಕಿ ಒಂದು ಪಾಯಿಂಟ್ ಆರಕ್ಕೆ ಇಳಿದಿತ್ತು. ಮಾತ್ರೆ ತಪ್ಪಿಲ್ಲವಲ್ಲ, ಹಾಗಾದರೆ ಊಟದಲ್ಲಿ ಸೊಪ್ಪು ಜಾಸ್ತಿ ಆಯಿತಾ ಎಂದು ಯಾರೋ ಒಬ್ಬ ಡಾಕ್ಟರು ಸುಮ್ಮನೆ ಕೇಳಿದರು. ಸೊಪ್ಪು ಹೆಚ್ಚು ತಿಂದರೆ ಈ ಮಾತ್ರೆಯ ಶಕ್ತಿ ಕುಗ್ಗುತ್ತದೆ, ಅದು ನಿನಗೂ ಗೊತ್ತು. ಅಂಕಿ ಸ್ವಲ್ಪ ಇಳಿದ ಮಾತ್ರಕ್ಕೆ ಇಷ್ಟೆಲ್ಲ ಆಗೋದಿಲ್ಲ ಬಿಡಿ ಎಂದೂ ಆಮೇಲೆ ಅವರೇ ಹೇಳಿದರು, ಆದರೆ ನಿನ್ನ ಭಾವನ ಕಿವಿಗೆ ಆ ಎರಡನೇ ಮಾತು ಬೀಳಲೇ ಇಲ್ಲ. ಯಾಕೆಂದರೆ ನಾನು ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುವುದನ್ನು ನೋಡಿ, ಇವಳಿಗೆ ರಕ್ತ ಕಡಿಮೆಯಾಗಿದೆ ಎಂದುಕೊಂಡು, ಕಡೆಯ ಹತ್ತು ದಿನ ಎರಡು ಹೊತ್ತೂ ಅವರೇ ಸೊಪ್ಪು ಬೇಯಿಸಿ ಹಾಕಿದ್ದರು. ಬೇಡ ಎಂದರೂ ತಟ್ಟೆಗೆ ಇನ್ನೊಂದು ಸೌಟು ಸುರಿಯುತ್ತಿದ್ದರು. ಅವತ್ತಿನಿಂದ ಅವರು ಅವರಾಗಿಲ್ಲ. ವರಾಂಡದ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಾರೆ. ಕಸ ಗುಡಿಸುವವಳು ಬಂದು, ಯಜಮಾನರೇ ಕಾಲೆತ್ತಿ ಎಂದರೆ ಅವಳಿಗೂ ಹೇಳುತ್ತಾರಂತೆ, ನನ್ನ ಕೈಯಾರೆ ವಿಷ ಹಾಕಿದೆನಮ್ಮಾ ಎಂದು. ಊಟ ಬಿಟ್ಟಿದ್ದಾರೆ. ನಿನ್ನೆ ನನ್ನ ಪಾದ ಒತ್ತುತ್ತಾ ಒತ್ತುತ್ತಾ ಇದ್ದಕ್ಕಿದ್ದ ಹಾಗೆ ಹಣೆಯನ್ನು ನನ್ನ ಕಾಲಿಗೆ ಇಟ್ಟುಬಿಟ್ಟರು, ನಾನು ಸರಕ್ಕನೆ ಎಳೆದುಕೊಂಡೆ. ಆಗಲೂ ನಾನು ಹೇಳಲಿಲ್ಲ. ಸುಮ್ಮನಿರುವುದು ನನಗೆ ಎಷ್ಟು ಚೆನ್ನಾಗಿ ಬರುತ್ತದೆ ಎನ್ನುವುದು ನಿನಗೆ ಗೊತ್ತಿದೆ.

ಈಗ ಆ ದಿನಕ್ಕೆ ಬರುತ್ತೇನೆ. ಮೂರು ವರ್ಷದಿಂದ ಬರೆಯಬೇಕಾಗಿದ್ದದ್ದು. ನಲವತ್ತು ನರ್ಸ್ ಕೋಟುಗಳ ಆರ್ಡರ್, ಕಳಿಸುವ ದಿನ ಬೆಳಿಗ್ಗೆ ಮಾಸ್ಟರ್ ಒಂದೊಂದನ್ನೇ ಬಿಡಿಸಿ ನೋಡುತ್ತಿದ್ದರು. ಎರಡು ಕೋಟಿನ ಎದೆಪಟ್ಟಿಯ ಮೇಲೆ ರಕ್ತದ ಕಲೆ, ಒಂದರಲ್ಲಿ ಕಾಸಿನಷ್ಟು ದೊಡ್ಡದು. ಆ ವಾರ ನಿನ್ನ ಹೆಬ್ಬೆರಳಿಗೆ ಕತ್ತರಿ ತಾಗಿ ಬ್ಯಾಂಡೇಜ್ ಇತ್ತು. ಎಲ್ಲರೂ ನಿನ್ನ ಕೈ ನೋಡಿದರು. ನೀನು ನನ್ನ ಮುಖ ನೋಡಿದೆ. ನನ್ನದಲ್ಲ ಮಾಸ್ಟರ್ ಎಂದೆ, ಮತ್ತೆ ನನ್ನನ್ನೇ ನೋಡಿದೆ. ಸೂಜಿ ಚುಚ್ಚಿದರೆ ನಿನಗೆ ಒಂದು ಚುಕ್ಕಿ ರಕ್ತ, ಒರೆಸಿದರೆ ಹೋಯಿತು. ನನಗೆ ಈ ಮಾತ್ರೆಯಿಂದ ಹತ್ತು ನಿಮಿಷ ಸುರಿಯುತ್ತದೆ, ಕಟ್ಟಿದ ಬಟ್ಟೆಯನ್ನೂ ದಾಟಿ ಬರುತ್ತದೆ. ಆ ಕಲೆ ಯಾರದ್ದು ಎಂದು ಇಡೀ ಅಂಗಡಿಯಲ್ಲಿ ಇಬ್ಬರಿಗೇ ಗೊತ್ತಿತ್ತು. ನಾನು ಕಾಜಾದಿಂದ ಕಣ್ಣು ಎತ್ತಲಿಲ್ಲ. ಆಪರೇಶನ್ ಆದ ಮೇಲೆ ನನ್ನನ್ನು ಮತ್ತೆ ಸೇರಿಸಿಕೊಳ್ಳುವಾಗಲೇ ಮಾಸ್ಟರ್ ಹೇಳಿದ್ದರು, ಬಿಳಿ ಬಟ್ಟೆಗೆ ಒಂದು ಹನಿ ಬಿದ್ರೂ ಆಮೇಲೆ ನೀನು ಮನೇಲೇ ಇರು ಎಂದು. ಮನೆಯಲ್ಲಿ ಕೂತು ಉಸಿರು ಎಣಿಸುತ್ತಾ ಇರುವುದು ನನ್ನಿಂದ ಆಗುತ್ತಿರಲಿಲ್ಲ. ಹದಿನಾಲ್ಕನೇ ವಯಸ್ಸಿನಿಂದ ಸೂಜಿ ಹಿಡಿದವಳು, ಸೂಜಿ ಬಿಟ್ಟರೆ ನಾನು ಬರೀ ರೋಗಿ. ಇದು ನೆಪವಲ್ಲ, ಆದರೆ ಕ್ಷಮೆ ಕೇಳಲು ಸಾಕಾಗುವ ಕಾರಣವೂ ಅಲ್ಲ. ಕಲೆ ನಿನ್ನದೇ ಎಂದು ತೀರ್ಮಾನವಾಯಿತು. ನೀನು ಹೊಲಿಯುವಾಗ ತೊಡುವ ಬೆರಳುಟೋಪಿಯನ್ನು ಮೇಜಿನ ಮೇಲೆ ಇಟ್ಟು ಮೆಟ್ಟಿಲು ಇಳಿದೆ. ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ನಿನ್ನ ಬಟ್ಟೆ ಇರಲಿಲ್ಲ. ಗುಬ್ಬಿ ಯಾಕೆ ಹೋದಳು ಎಂದು ನಿನ್ನ ಭಾವ ಕೇಳಿದರು. ಅವಳಿಗೆ ಕೋಪ ಮೂಗಿನ ಮೇಲೆ, ಯಾವುದೋ ಮಾತಿಗೆ ಹೋದಳು ಎಂದೆ. ಈವರೆಗೂ ಅವರು ಅದನ್ನೇ ನಂಬಿದ್ದಾರೆ.

ಆಮೇಲೆ ಏನು ಮಾಡಿದೆ ಕೇಳು, ನೀನು ಬೈದರೂ ಸರಿ. ನಿನ್ನನ್ನು ಕಳಕೊಂಡು ಉಳಿಸಿಕೊಂಡ ಕೆಲಸ ಇದು, ಇನ್ನೊಂದು ಕಲೆ ಬೀಳಲು ಬಿಡಬಾರದು ಎಂದು ನನ್ನೊಳಗೇ ಹಟ ಹುಟ್ಟಿತು. ಬಿಳಿ ಬಟ್ಟೆಯ ಆರ್ಡರ್ ಬಂತೆಂದರೆ ಮೂರು ದಿನ ಮೊದಲಿನಿಂದ ಮಾತ್ರೆ ನುಂಗುವುದನ್ನು ನಿಲ್ಲಿಸುತ್ತಿದ್ದೆ. ಮಾತ್ರೆ ನಾಲಿಗೆಯ ಅಡಿಯಲ್ಲಿ, ನೀರು ಗಂಟಲಿಗೆ. ಅವರು ಗೀಟು ಹಾಕಲು ಕ್ಯಾಲೆಂಡರ್ ಕಡೆ ತಿರುಗಿದಾಗ ಸೆರಗಿನ ತುದಿಗೆ ಉಗುಳಿ, ಬಚ್ಚಲಿನ ತೂತಿಗೆ ಹಾಕಿ ಒಂದು ಚೊಂಬು ನೀರು ಬಿಡುತ್ತಿದ್ದೆ. ಮೂರು ದಿನಕ್ಕೆ ರಕ್ತ ಎಲ್ಲರ ರಕ್ತದ ಹಾಗೆ ಆಗುತ್ತದೆ, ಸೂಜಿ ಚುಚ್ಚಿದರೂ ಒಂದು ಚುಕ್ಕಿ. ಕೋಟುಗಳು ಹೋದ ಮೇಲೆ ಮತ್ತೆ ನುಂಗುತ್ತಿದ್ದೆ. ತಿಂಗಳ ರಕ್ತ ಪರೀಕ್ಷೆಗೆ ಹತ್ತು ದಿನ ಮೊದಲಿನಿಂದ ಕಟ್ಟುನಿಟ್ಟು, ಅಂಕಿ ಸರಿಯಾಗಿಯೇ ಬರುತ್ತಿತ್ತು. ಮಾಸ್ಟರ್ ನನ್ನ ಕೆಲಸವನ್ನು ಬಿಡಿಸಿ ಹಿಡಿದು, ನೋಡ್ರೋ, ಹಾಲು ಹಾಲು ಎಂದು ಬೇರೆಯವರಿಗೆ ತೋರಿಸುತ್ತಿದ್ದರು. ನಾನು ಉಬ್ಬುತ್ತಿದ್ದೆ. ಬೆಪ್ಪಿ ನಾನು. ಮೂರು ವರ್ಷ ಹೀಗೆ ನಡೆಯಿತು, ಏನೂ ಆಗಲಿಲ್ಲ, ಏನೂ ಆಗದೆ ಇದ್ದದ್ದೇ ಧೈರ್ಯ ಕೊಟ್ಟಿತು. ಆಮೇಲೆ ಈ ಮುನ್ನೂರು ಕೋಟು ಬಂತು. ಎರಡು ತಿಂಗಳು ಬಿಡುವಿಲ್ಲದ ಬಿಳಿ. ಎರಡು ತಿಂಗಳಲ್ಲಿ ನಾನು ನಿಜವಾಗಿ ನುಂಗಿದ ಮಾತ್ರೆ ಎಣಿಸಿದರೆ ಹದಿನೈದೂ ಇರಲಿಕ್ಕಿಲ್ಲ. ಕೆಲಸದ ಒತ್ತಡ ಎಂದು ಹೇಳಿ ರಕ್ತ ಪರೀಕ್ಷೆಯನ್ನೂ ತಪ್ಪಿಸಿದೆ. ಕಡೆಯ ಕೋಟು ಹೋದ ಮೇಲೆ ನಾಲ್ಕು ದಿನ ನೆಟ್ಟಗೆ ನುಂಗಿದೆ, ಅಷ್ಟರಲ್ಲಿ ಬಿದ್ದೆ.

ಹಾಗಾಗಿ ಅಲ್ಲಿ ಅಂಟಿಕೊಂಡಿರುವುದು ಏನು ಎಂದು ಆ ದೊಡ್ಡ ಡಾಕ್ಟರಿಗಿಂತ ನನಗೆ ಚೆನ್ನಾಗಿ ಗೊತ್ತು. ಹೇಳಿಬಿಟ್ಟರೆ ಎದೆ ಸೀಳುವುದು ತಪ್ಪಬಹುದು, ಅದೂ ಗೊತ್ತು. ಹಾಗಾದರೆ ಯಾಕೆ ಹೇಳುವುದಿಲ್ಲ ಎಂದು ನೀನು ಕೇಳುತ್ತೀ. ಡಾಕ್ಟರಮ್ಮ ಬಂದಾಗಲೆಲ್ಲ ನಿನ್ನ ಭಾವ ಪಕ್ಕದಲ್ಲೇ ನಿಂತಿರುತ್ತಾರೆ, ಆ ಕ್ಯಾಲೆಂಡರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಒಂದೊಂದು ಗೀಟನ್ನೂ ಅವರು ಪ್ರೀತಿಯಿಂದ ಎಳೆದಿದ್ದಾರೆ, ನಾನು ಅದರ ಬೆನ್ನ ಹಿಂದೆ ಉಗುಳಿದ್ದೇನೆ. ಚಾಕುವಿಗೆ ನಾನು ಹೆದರುವುದಿಲ್ಲ, ಅದು ಒಂದು ಸಲ ಆದ ಅನುಭವ, ಮಂಪರು ಕೊಡುತ್ತಾರೆ, ಏನೂ ಗೊತ್ತಾಗುವುದಿಲ್ಲ. ಆ ಮುಖ ಬದಲಾಗುವುದನ್ನು ಎಚ್ಚರವಾಗಿದ್ದು ನೋಡಬೇಕಲ್ಲ, ಅದಕ್ಕೆ ನನಗೆ ಹೆದರಿಕೆ. ನಿನ್ನ ಮುಖ ಬದಲಾದದ್ದನ್ನು ನಾನು ಕಣ್ಣೆತ್ತಿ ನೋಡಿರಲಿಲ್ಲ. ನೋಡಿದ್ದರೆ ಬಹುಶಃ ಅವತ್ತೇ ಬಾಯಿ ಬಿಡುತ್ತಿದ್ದೆನೇನೋ. ಇಷ್ಟು ವರ್ಷ ನಾನು ಗಟ್ಟಿಗಿತ್ತಿ ಎಂದುಕೊಂಡಿದ್ದೆ, ನೀನೂ ಹಾಗೇ ಹೇಳುತ್ತಿದ್ದೆ. ನಾನು ಹೇಡಿ ಕಣೇ.

ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಈ ಕಾಗದ ನಿನಗೆ ಮುಟ್ಟಲು ನಾಲ್ಕು ದಿನವಾದರೂ ಬೇಕು, ಅಷ್ಟರಲ್ಲಿ ಶುಕ್ರವಾರ ಕಳೆದಿರುತ್ತದೆ. ನಾನು ಎದ್ದರೆ ಸರಿ, ನಾನೇ ಯಾವತ್ತಾದರೂ ಸಮಯ ನೋಡಿ ಹೇಳುತ್ತೇನೆ. ಏಳದಿದ್ದರೆ ನೀನು ಬಂದು ನಿನ್ನ ಭಾವನ ಪಕ್ಕ ಕೂತು, ಸೊಪ್ಪಿನಿಂದ ಆದದ್ದಲ್ಲ, ಅಕ್ಕನೇ ಮಾಡಿಕೊಂಡದ್ದು ಎಂದು ಹೇಳಿಬಿಡು. ನೀನು ಹೇಳಿದರೆ ನಂಬುತ್ತಾರೆ. ನಿನ್ನನ್ನು ಮಗಳ ಹಾಗೆ ನೋಡಿಕೊಂಡವರು, ಈಗಲೂ ಹೊಸ ಚಪ್ಪಲಿ ಅಂಗಡಿ ಕಂಡರೆ ನಿನ್ನ ಅಳತೆ ಹೇಳುತ್ತಾರೆ. ನಿನ್ನ ಕೋಣೆಯಲ್ಲಿ ನಾನು ಏನೂ ಸರಿಸಿಲ್ಲ, ಕಿಟಕಿಯ ಕೊಂಡಿ ಮಾತ್ರ ಸಡಿಲವಾಗಿದೆ, ಗಾಳಿಗೆ ಬಡಿದುಕೊಳ್ಳುತ್ತದೆ. ಬೇಕಾದರೆ ಅಲ್ಲೇ ಬಂದು ಇರು. ಅಂಗಡಿಗೆ ಮಾತ್ರ ಹೋಗಬೇಡ, ಹೋದರೆ ತಲೆಯೆತ್ತಿ ಹೋಗು.

ಕೈ ನೋಯುತ್ತಿದೆ, ಅಕ್ಷರ ಸೊಟ್ಟಗಾಗುತ್ತಿದೆ. ನಿನ್ನ ಕೈಯ ಬಿರುಕು ಮಾಯಲಿ, ನಿನ್ನ ನಡು ಗಟ್ಟಿಯಾಗಿರಲಿ, ನಿನಗೆ ನನಗಿಂತ ಒಳ್ಳೆಯವರು ಜೊತೆಗೆ ಸಿಗಲಿ. ನನ್ನ ಮೇಲೆ ಕೋಪ ಇದ್ದರೆ ಇರಲಿ, ಅದು ನ್ಯಾಯ. ಮರೆತು ಮಾತ್ರ ಬಿಡಬೇಡ.

ನಿನ್ನ
ಅಕ್ಕ

ತಾ.ಕ.: ಕಾಗದ ಮಡಚುವ ಮೊದಲು ಒಂದು ಸಲ ಓದಿ ನೋಡಿದೆ. ಮೇಲೆ, ನೀನು ಬಂದು ನಿನ್ನ ಭಾವನಿಗೆ ಹೇಳಿಬಿಡು ಎಂದು ಬರೆದಿದ್ದೇನಲ್ಲ, ಅದನ್ನು ಓದಿ ನನಗೇ ಮೈ ಉರಿಯಿತು. ಅವತ್ತು ನನ್ನ ಕಲೆಯನ್ನು ನಿನ್ನ ತಲೆಗೆ ಕಟ್ಟಿದೆ, ಇವತ್ತು ನನ್ನ ಮಾತನ್ನೂ ನಿನ್ನ ತಲೆಗೇ ಕಟ್ಟಲು ಹೊರಟಿದ್ದೆ. ಆ ಮಾತನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡ, ಹೊಡೆದುಹಾಕಲು ಸಮಯವಿಲ್ಲ. ಅವರು ಕೆಳಗೆ ಬಿಸಿನೀರು ತರಲು ಹೋಗಿದ್ದಾರೆ, ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಕೇಳುತ್ತಿದೆ. ಇನ್ನೊಬ್ಬರ ಕಾಗದ ಓದುವವರಲ್ಲ ಅವರು, ಅದಕ್ಕೇ ಲಕೋಟೆಗೆ ಅಂಟು ಹಾಕದೆ ಕೈಗೆ ಕೊಟ್ಟು, ಮೊದಲಿನಿಂದ ಕೊನೆಯವರೆಗೂ ನನ್ನ ಎದುರಿಗೇ ಕೂತು ಓದಿ ಎನ್ನುತ್ತೇನೆ. ಓದುವಷ್ಟು ಹೊತ್ತೂ ಅವರ ಮುಖವನ್ನೇ ನೋಡುತ್ತೇನೆ. ಆಮೇಲೆ ಡಾಕ್ಟರಮ್ಮನನ್ನು ಕರೆಸಿ ಅಂತ ನಾನೇ ಹೇಳುತ್ತೇನೆ. ಅಂಚೆಗೆ ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು. ಇದು ನಿನ್ನ ಕೈ ಸೇರಿದ್ದರೆ, ನಿನ್ನ ಭಾವ ಎಲ್ಲವನ್ನೂ ಓದಿದ ಮೇಲೂ ನಿನ್ನ ವಿಳಾಸ ಬರೆದು ಕಳಿಸಿದ್ದಾರೆ ಎಂದು ತಿಳಿ.